ಕತ್ತಿನ ಬೆವರು, ಜಾತ್ರೆಯ ಬೆಲೆ

ಭತ್ತದ ಒಕ್ಕಣೆ ಮುಗಿದು ಸಂಕ್ರಾಂತಿಯ ಕಿಚ್ಚು ಆರಿದ ಮೇಲೆ ಕಪಿಲಾ ಮತ್ತು ಕಾವೇರಿ ತೀರದ ಊರುಗಳಲ್ಲಿ ದನಗಳ ಜಾತ್ರೆಯ ಕಾಲ ಬರುತ್ತದೆ. ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿ ಆದಿ ಜಗದ್ಗುರುಗಳ ಜಾತ್ರೆ, ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ ಬೆಟ್ಟದ ಮೇಲಿನ ಮಲ್ಲಿಕಾರ್ಜುನನ ಜಾತ್ರೆ. ಎರಡೂ ಕಡೆ ದೇವರ ತೇರಿನಷ್ಟೇ ಜನರನ್ನು ಸೆಳೆಯುವುದು ಬಯಲಿನ ಚಪ್ಪರಗಳಲ್ಲಿ ಕಟ್ಟಿದ ಹಳ್ಳಿಕಾರ್ ಜೋಡಿಗಳು. ಎಣ್ಣೆ ಸವರಿದ ಕೊಂಬು, ಹಿತ್ತಾಳೆಯ ಕೋಡಣಸು, ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಬಣ್ಣದ ಜೂಲು. ಸಾಕಿದವರು ಮೀಸೆ ತಿರುವಿ ಪಕ್ಕದಲ್ಲಿ ನಿಂತಿರುತ್ತಾರೆ. ಕೆಲವು ಜೋಡಿಗಳ ಬೆಲೆ ಲಕ್ಷಗಟ್ಟಲೆ ರೂಪಾಯಿ ಎಂದು ಮರುದಿನ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ನಾವು ಓದಿ ಬೆರಗಾಗುತ್ತೇವೆ. ಆದರೆ ಆ ಬೆಲೆ ಯಾವುದಕ್ಕೆ ಸಲ್ಲುತ್ತಿದೆ, ಆ ಬಹುಮಾನ ಯಾವುದನ್ನು ಬೆಳೆಸುತ್ತಿದೆ ಎಂದು ಕೇಳುವವರು ವಿರಳ.

ಈ ಪ್ರಶ್ನೆಯನ್ನು ಸ್ಪಷ್ಟಗೊಳಿಸಿಕೊಳ್ಳಲು ದೂರದ ಒಂದು ಪದ್ಧತಿಯನ್ನು ನೋಡುವುದು ಉಪಯುಕ್ತ. ಅಮೆರಿಕ ಮೊದಲಾದ ದೇಶಗಳಲ್ಲಿ ಕುದುರೆಗಳ ಪ್ರದರ್ಶನ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ಕೆಲವು ವಿಭಾಗಗಳಲ್ಲಿ ಕುದುರೆಯ ಅಂಗಸೌಷ್ಠವವೇ ತೀರ್ಪಿನ ಆಧಾರ. ಕತ್ತು ನೀಳವಾಗಿರಬೇಕು, ದವಡೆ ಮತ್ತು ಕತ್ತು ಕೂಡುವ ಗಂಟಲ ಭಾಗ ತೆಳ್ಳಗಿರಬೇಕು ಎಂಬುದು ಅಲ್ಲಿನ ಸೌಂದರ್ಯದ ಅಳತೆ. ಸ್ಪರ್ಧೆಯ ಋತು ಹತ್ತಿರವಾದಂತೆ ಕೆಲವರು ಕುದುರೆಯ ಕತ್ತಿಗೆ ರಬ್ಬರಿನಂಥ ದಪ್ಪ ಬಟ್ಟೆಯ ಪಟ್ಟಿಯನ್ನು ಬಿಗಿದು, ಉದ್ದನೆಯ ಹಗ್ಗದಲ್ಲಿ ಹಿಡಿದು ಸುತ್ತು ಓಡಿಸುತ್ತಾರೆ. ಪಟ್ಟಿಯ ಕೆಳಗೆ ಗಾಳಿಯಾಡದೆ ಕತ್ತು ಧಾರಾಕಾರವಾಗಿ ಬೆವರುತ್ತದೆ. ಪಟ್ಟಿ ಬಿಚ್ಚಿದಾಗ ಕತ್ತು ಸ್ವಲ್ಪ ಸಣ್ಣಗಾದಂತೆ ಕಾಣುತ್ತದೆ. ಅಲ್ಲಿ ಇದಕ್ಕೆಂದೇ ಸಿದ್ಧ ಪಟ್ಟಿಗಳು ಅಂಗಡಿಯಲ್ಲಿ ದೊರೆಯುತ್ತವೆ.

ಶರೀರಶಾಸ್ತ್ರದ ದೃಷ್ಟಿಯಿಂದ ಇದರ ಫಲ ಅತ್ಯಲ್ಪ. ಬೆವರು ಎಂದರೆ ನೀರು ಮತ್ತು ಲವಣ. ಅದರಲ್ಲಿ ಕೊಬ್ಬು ಕರಗಿ ಹೊರಬರುವುದಿಲ್ಲ. ಒಂದು ಅಂಗವನ್ನು ಬಿಗಿದು ಬೆವರಿಸಿದ ಮಾತ್ರಕ್ಕೆ ಆ ಅಂಗದ ಕೊಬ್ಬು ಇಳಿಯುವುದೂ ಇಲ್ಲ. ಚರ್ಮದ ಕೆಳಗಿನ ನೀರು ಕಡಮೆಯಾಗಿ ಕತ್ತು ಕೆಲಹೊತ್ತು ತೆಳ್ಳಗೆ ಕಂಡರೂ, ಪ್ರಾಣಿ ಹೊಟ್ಟೆತುಂಬ ನೀರು ಕುಡಿದ ಮೇಲೆ ಮೊದಲಿನ ಸ್ಥಿತಿಗೇ ಮರಳುತ್ತದೆ. ಮನುಷ್ಯನ ಬೆವರಿನಲ್ಲಿ ಲವಣಾಂಶ ರಕ್ತದಲ್ಲಿರುವುದಕ್ಕಿಂತ ಕಡಮೆ. ಕುದುರೆಯ ಬೆವರಿನಲ್ಲಿ ಅದು ರಕ್ತದಲ್ಲಿರುವುದಕ್ಕಿಂತ ಹೆಚ್ಚು. ಆದ್ದರಿಂದ ಬೆವರಿದ ಕುದುರೆ ನೀರಿನೊಡನೆ ಬಹಳಷ್ಟು ಲವಣವನ್ನೂ ಕಳೆದುಕೊಳ್ಳುತ್ತದೆ. ಬೆವರು ಆರುವುದರಿಂದಲೇ ಕುದುರೆ ತನ್ನ ಮೈಯನ್ನು ತಂಪು ಮಾಡಿಕೊಳ್ಳುವುದು. ಪಟ್ಟಿ ಆ ಆರುವಿಕೆಯನ್ನೇ ತಡೆಯುತ್ತದೆ. ಬಿಸಿಲಿನಲ್ಲಿ ಅಜಾಗರೂಕತೆಯಿಂದ ಮಾಡಿದರೆ ಮೈ ವಿಪರೀತ ಕಾಯುವ ಅಪಾಯವುಂಟು. ಉಜ್ಜಿದ ಚರ್ಮದಲ್ಲಿ ಗಾಯ, ಉದುರುವ ಕೇಸರ, ಒದ್ದೆಯಲ್ಲಿ ಬೆಳೆಯುವ ಬೂಸು ಇವೆಲ್ಲ ಅದರ ಹಿಂದೆಯೇ ಬರುವ ತೊಂದರೆಗಳು.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಕುದುರೆಯ ಕತ್ತಿನ ಮೇಲ್ಭಾಗದಲ್ಲಿ ದಪ್ಪನೆಯ, ಗಟ್ಟಿಯಾದ ಕೊಬ್ಬು ಬೆಳೆಯುವುದು ಅನೇಕ ವೇಳೆ ರೋಗದ ಮುನ್ಸೂಚನೆ. ದೇಹದಲ್ಲಿ ಇನ್ಸುಲಿನ್‌ನ ಏರುಪೇರು ಇರುವ ಕುದುರೆಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಅಂಥ ಕುದುರೆಗಳಿಗೆ ಗೊರಸಿನ ಒಳಪದರ ಉರಿಯೂತಕ್ಕೊಳಗಾಗಿ ನಿಲ್ಲಲಾರದಷ್ಟು ನೋವು ಬರುವ ಸಂಭವ ಹೆಚ್ಚು. ಪಶುವೈದ್ಯರು ಕತ್ತಿನ ಕೊಬ್ಬಿಗೆ ಅಂಕ ಕೊಟ್ಟು ನೋಡುವುದು ಇದಕ್ಕಾಗಿಯೇ. ಅದಕ್ಕೆ ನಿಜವಾದ ಮದ್ದು ಕಾಳು ತಗ್ಗಿಸಿದ, ನಾರಿನಂಶ ಹೆಚ್ಚಿರುವ ಮೇವು ಮತ್ತು ತಿಂಗಳುಗಟ್ಟಲೆ ನಿಯಮಿತ ವ್ಯಾಯಾಮ. ಪಟ್ಟಿ ಬಿಗಿದು ಕತ್ತನ್ನು ತೆಳ್ಳಗೆ ತೋರಿಸಿದಾಗ ಕೊಳ್ಳುವವನಿಗೆ ತಲುಪಬೇಕಾದ ಒಂದು ಮುಖ್ಯ ವಾರ್ತೆ ಮರೆಯಾಗುತ್ತದೆ. ಪ್ರತಿ ಬಾರಿಯೂ ಹಾಗೆ ಮಾಡುವ ಒಡೆಯನೂ ಕಾಲಕ್ರಮದಲ್ಲಿ ಅದನ್ನು ಮರೆಯುತ್ತಾನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಅಪರಿಚಿತ ಸಮಸ್ಯೆಯಲ್ಲ. ಮಾರುವವನಿಗೆ ತಿಳಿದಿರುವುದು ಕೊಳ್ಳುವವನಿಗೆ ತಿಳಿಯದಿದ್ದರೆ ಮಾರುಕಟ್ಟೆಯಲ್ಲಿ ಒಳ್ಳೆಯ ಸರಕೇ ಹಿಂದೆ ಸರಿಯುತ್ತದೆ ಎಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದರು. ಇಂಥ ಸನ್ನಿವೇಶದಲ್ಲಿ ಮಾರುವವರು ತಮ್ಮ ಗುಣವನ್ನು ಯಾವುದಾದರೂ ಗುರುತಿನ ಮೂಲಕ ಸಾರುತ್ತಾರೆ, ಆ ಗುರುತು ಸುಳ್ಳು ಹೇಳುವವನಿಗೆ ದುಬಾರಿಯಾಗಿದ್ದರೆ ಮಾತ್ರ ನಂಬಿಕೆಗೆ ಅರ್ಹ ಎಂಬುದನ್ನು ಮೈಕೆಲ್ ಸ್ಪೆನ್ಸ್ 1973ರಲ್ಲಿ ವಿವರಿಸಿದರು. ಇವರಿಬ್ಬರೂ ಜೋಸೆಫ್ ಸ್ಟಿಗ್ಲಿಟ್ಸ್ ಅವರೊಡನೆ 2001ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಕುದುರೆಯ ವ್ಯಾಪಾರಕ್ಕೆ ಈ ಕಷ್ಟ ಕಾರಿಗಿಂತ ಬಹಳ ಹಳೆಯದು. ವಯಸ್ಸು ಮರೆಸಲು ಕುದುರೆಯ ಹಲ್ಲನ್ನು ಅರದಿಂದ ಉಜ್ಜಿ ತಿದ್ದುವ ಮೋಸ ಯುರೋಪಿನಲ್ಲಿ ಶತಮಾನಗಳಿಂದ ಕುಖ್ಯಾತ.

ನಮ್ಮ ದನಗಳ ಜಾತ್ರೆಗಳು ಈ ಸಮಸ್ಯೆಗೆ ತಮ್ಮದೇ ಪರಿಹಾರ ಕಂಡುಕೊಂಡಿದ್ದವು ಎಂಬುದು ಗಮನಾರ್ಹ. ಕೊಳ್ಳಲು ಬಂದ ರೈತ ಮೊದಲು ರಾಸಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಾಗಿದ್ದರೆ ಸುಮಾರು 2ರಿಂದ 2.5 ವರ್ಷ, ಎಂಟು ಹಲ್ಲು ತುಂಬಿ ಬಾಯಿ ಕೂಡಿದ್ದರೆ ಸುಮಾರು 5 ವರ್ಷ. ಬಳಿಕ ಮೈಮೇಲಿನ ಸುಳಿ ಹುಡುಕುತ್ತಾನೆ. ಸುಳಿಯ ಶಕುನಕ್ಕೆ ವಿಜ್ಞಾನದ ಬೆಂಬಲವಿಲ್ಲವಾದರೂ ಆ ನೆಪದಲ್ಲಿ ಪ್ರಾಣಿಯ ಮೈಯೆಲ್ಲ ಕೈಯಾಡಿಸಿ ಪರೀಕ್ಷಿಸಿದಂತಾಗುತ್ತದೆ. ಗೊರಸು ನೋಡುತ್ತಾನೆ. ಕತ್ತಿನ ಮೇಲೆ ಅಂಗೈ ಇಟ್ಟು ನೊಗದ ಗುರುತು ಹುಡುಕುತ್ತಾನೆ: ಹದವಾಗಿ ಗಟ್ಟಿಗೊಂಡ ಚರ್ಮವಿದ್ದರೆ ಕೆಲಸ ಕಂಡ ಎತ್ತು, ಹುಣ್ಣಿನ ಕಲೆಯಿದ್ದರೆ ಸರಿಯಾಗಿ ನೊಗ ಕಟ್ಟದ ಒಡೆಯನ ಎತ್ತು. ಕೊನೆಗೆ ಜೋಡಿಯನ್ನು ನಡೆಸಿ, ಹಿಂಗಾಲು ಮುಂಗಾಲಿನ ಹೆಜ್ಜೆಯ ಮೇಲೆ ಬೀಳುತ್ತದೆಯೇ ಎಂದು ನೋಡುತ್ತಾನೆ. ಸಾಧ್ಯವಾದರೆ ಗಾಡಿಗೆ ಹೂಡಿಯೂ ನೋಡುತ್ತಾನೆ. ಇಷ್ಟಾದ ಮೇಲಷ್ಟೇ ದಲ್ಲಾಳಿಯ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಬೆಲೆ ಗುಟ್ಟಾಗಿತ್ತು, ಗುಣ ಬಯಲಾಗಿತ್ತು.

ಹಾಗೆಂದು ನಮ್ಮ ರೈತ ಸಿಂಗಾರ ಮಾಡುತ್ತಿರಲಿಲ್ಲ ಎಂದಲ್ಲ. ಜಾತ್ರೆಗೆ ಮೂರು ನಾಲ್ಕು ತಿಂಗಳ ಮೊದಲೇ ಜೋಡಿಯ ಆರೈಕೆ ಆರಂಭವಾಗುತ್ತದೆ. ಬೇಯಿಸಿದ ಹುರುಳಿ, ಹತ್ತಿಬೀಜ, ಹಿಂಡಿ, ಬೂಸಾ, ರಾಗಿಹುಲ್ಲು. ದಿನವೂ ಹೊಳೆಯಲ್ಲೋ ನಾಲೆಯಲ್ಲೋ ಮೈ ತೊಳೆದು ತಿಕ್ಕುವುದು. ಬೆಳಗ್ಗೆ ಸಂಜೆ ನಡೆಸುವುದು. ಕೊಂಬು ಹೆರೆದು ಎಣ್ಣೆ ಹಚ್ಚುವುದು. ಹುರುಳಿಗೆ ಇಂಗ್ಲಿಷರು ಕುದುರೆಯ ಕಾಳು ಎಂದೇ ಹೆಸರಿಟ್ಟರು. ಮೈಸೂರು ಸೀಮೆಯಲ್ಲಿ ಅದು ಕುದುರೆಗೂ ಎತ್ತಿಗೂ ಸಮಾನವಾಗಿ ಬಲ ಕೊಟ್ಟ ಕಾಳು. ಈ ಆರೈಕೆಯಿಂದ ಬರುವ ಹೊಳಪು ಒಳಗಿನ ಆರೋಗ್ಯದ ಹೊಳಪು. ತಿಂಗಳುಗಟ್ಟಲೆ ಮೇವು, ದುಡಿಮೆ ಮತ್ತು ಗಮನವನ್ನು ಕೊಡದವನು ಅದನ್ನು ಒಂದು ವಾರದಲ್ಲಿ ತರಲಾರ. ಸ್ಪೆನ್ಸ್ ಹೇಳಿದ ಅರ್ಥದಲ್ಲಿ ಇದು ನಂಬತಕ್ಕ ಗುರುತು.

ಈ ಗುರುತಿನ ಹಿಂದೆ ದೀರ್ಘ ಇತಿಹಾಸವಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೈಸೂರು ಅರಸರ ದನಗಳ ಇಲಾಖೆ ಬೆಣ್ಣೆ ಚಾವಡಿ ಎಂಬ ಹೆಸರಿನಿಂದ ವ್ಯವಸ್ಥಿತ ರೂಪ ಪಡೆಯಿತು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. ಹಳ್ಳಿಕಾರ್ ಮೂಲದಿಂದಲೇ ಬೆಳೆದ ಆ ದನಗಳನ್ನು ಆರಿಸುತ್ತಿದ್ದದ್ದು ಸೈನ್ಯದ ತೋಪು ಮತ್ತು ಸಾಮಾನು ಎಳೆಯುವ ವೇಗಕ್ಕಾಗಿ, ಬಳಲದೆ ನಡೆಯುವ ತಾಳಿಕೆಗಾಗಿ. ಅಲ್ಲಿ ತೀರ್ಪುಗಾರ ದಂಡಯಾತ್ರೆಯ ದಾರಿಯೇ ಆಗಿತ್ತು. 1799ರ ಬಳಿಕ ಬ್ರಿಟಿಷರ ಕೈಸೇರಿದ ಈ ಇಲಾಖೆಯನ್ನು 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಮುಚ್ಚಿ ಹಿಂಡುಗಳನ್ನು ವಿಲೇವಾರಿ ಮಾಡಲಾಯಿತು. ಕೆಲವೇ ವರ್ಷಗಳಲ್ಲಿ, 1866ರಲ್ಲಿ, ಅದನ್ನು ಮತ್ತೆ ಸ್ಥಾಪಿಸಬೇಕಾಯಿತು. ತಳಿಯೆಂಬುದು ಒಮ್ಮೆ ಚದುರಿಸಿ ಬೇಕಾದಾಗ ಕೂಡಿಸಿಕೊಳ್ಳುವ ಆಸ್ತಿಯಲ್ಲ ಎಂಬ ಪಾಠವನ್ನು ಆಡಳಿತಗಾರರು ಆಗಲೇ ಕಲಿಯಬೇಕಾಗಿತ್ತು. ಸ್ವತಂತ್ರ ಭಾರತದ ಅಂಚೆ ಇಲಾಖೆ 2000ದಲ್ಲಿ ದೇಶೀ ದನಗಳ ಅಂಚೆಚೀಟಿಗಳನ್ನು ಹೊರತಂದಾಗ ಗಿರ್, ಕಾಂಕ್ರೇಜ್, ಕಂಗಾಯಂ ತಳಿಗಳ ಜೊತೆ ಹಳ್ಳಿಕಾರ್‌ಗೂ ಸ್ಥಾನ ದೊರೆಯಿತು.

ಇಂದು ಬದಲಾಗಿರುವುದು ಕೊಳ್ಳುವವನ ಉದ್ದೇಶ. ಕಬಿನಿ ಮತ್ತು ಕಾವೇರಿಯ ನಾಲೆಗಳ ಅಚ್ಚುಕಟ್ಟಿನಲ್ಲಿ ಗದ್ದೆ ಉಳುವುದು ಟ್ರ್ಯಾಕ್ಟರ್ ಮತ್ತು ಪವರ್ ಟಿಲ್ಲರ್, ಕೊಯ್ಯುವುದು ಬೃಹತ್ ಯಂತ್ರ. ವರ್ಷದಲ್ಲಿ ಕೆಲವೇ ದಿನಗಳ ಉಳುಮೆಗಾಗಿ ವರ್ಷವಿಡೀ ಜೋಡಿಗೆ ಮೇವು ಹಾಕುವ ಲೆಕ್ಕ ಸಣ್ಣ ರೈತನಿಗೆ ಹೊಂದುವುದಿಲ್ಲ. ಅದಕ್ಕಾಗಿ ಅವನನ್ನು ದೂರುವಂತಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸ್ಥಳೀಯ ದನಗಳ ಸಂಖ್ಯೆ 2012ಕ್ಕೆ ಹೋಲಿಸಿದರೆ ಸುಮಾರು ಶೇ 6ರಷ್ಟು ಇಳಿದಿತ್ತು. ಅದೇ ಅವಧಿಯಲ್ಲಿ ಮಿಶ್ರತಳಿ ಮತ್ತು ವಿದೇಶಿ ತಳಿಗಳು ಶೇ 25ಕ್ಕೂ ಹೆಚ್ಚು ಏರಿದ್ದವು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ರಾಜ್ಯದಲ್ಲಿ ದನಗಳ ಸಂತೆ, ಜಾತ್ರೆಗಳಿಗೂ ನಿರ್ಬಂಧ ಬಂದಿತ್ತು. ಇಂಥ ಕಾಲದಲ್ಲಿ ಹಳ್ಳಿಕಾರ್ ಜೋಡಿಯನ್ನು ಇನ್ನೂ ಕೊಟ್ಟಿಗೆಯಲ್ಲಿ ಉಳಿಸಿರುವ ಶಕ್ತಿಗಳಲ್ಲಿ ಜಾತ್ರೆಯ ಪ್ರತಿಷ್ಠೆಯೂ ಒಂದು. ಆ ಪ್ರತಿಷ್ಠೆಯನ್ನು ಹಗುರವಾಗಿ ಕಾಣುವುದು ತರವಲ್ಲ.

ಆದರೆ ಪ್ರತಿಷ್ಠೆಗೆ ತನ್ನದೇ ತರ್ಕವಿದೆ. ಉಪಯೋಗ ಕಡಮೆಯಾದಷ್ಟೂ ಪ್ರದರ್ಶನದ ಬೆಲೆ ಹೆಚ್ಚುತ್ತದೆ ಎಂಬುದನ್ನು ಥಾರ್‌ಸ್ಟೀನ್ ವೆಬ್ಲೆನ್ 1899ರಲ್ಲಿಯೇ ಬರೆದಿದ್ದರು. ಅವರು ಕೊಟ್ಟ ಉದಾಹರಣೆಗಳಲ್ಲಿ ಓಟದ ಕುದುರೆಯೂ ಒಂದು. ಉಳುವ ಎತ್ತಿಗೆ ಉಳುಮೆಯೇ ಪರೀಕ್ಷೆ. ಉಳದ ಎತ್ತಿಗೆ ಕಣ್ಣೊಂದೇ ಪರೀಕ್ಷೆ. ಕಣ್ಣಿಗೆ ಒಪ್ಪುವುದು ಉರುಟಾದ ಮೈ, ಮಿಂಚುವ ಚರ್ಮ, ನುಣುಪಾದ ಕೊಂಬು. ಹಾಗಾಗಿ ಮೊಟ್ಟೆ, ಬೆಣ್ಣೆ, ತುಪ್ಪಗಳನ್ನು ಹೇರಳವಾಗಿ ತಿನ್ನಿಸಿದೆವೆಂದು ಹೆಮ್ಮೆಪಡುವ ಮಾತುಗಳನ್ನು ಜಾತ್ರೆಯಲ್ಲಿ ಕೇಳುತ್ತೇವೆ. ಪ್ರೀತಿಯಿಂದ ಮಾಡಿದ್ದೇ ಆದರೂ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ಹೆಚ್ಚು ಕೊಬ್ಬಿಗೆ ಒಗ್ಗಿದ್ದಲ್ಲ. ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳ ಕೆಲಸಕ್ಕೆ ಅದರಿಂದ ಅಡ್ಡಿಯಾಗುತ್ತದೆ. ಜಾತ್ರೆ ಹತ್ತಿರ ಬಂತೆಂದು ಏಕಾಏಕಿ ಕಾಳಿನ ಪ್ರಮಾಣ ಏರಿಸಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಮೇವು ಬಿಡುವುದು, ಗೊರಸು ನೋಯುವುದು ಪಶುವೈದ್ಯರಿಗೆ ತಿಳಿದ ಸಂಗತಿ. ಅಲ್ಲಿನ ಕುದುರೆಯ ಕತ್ತು ತೆಳ್ಳಗಾಗಬೇಕು, ಇಲ್ಲಿನ ಎತ್ತಿನ ಮೈ ತುಂಬಿಕೊಳ್ಳಬೇಕು. ದಿಕ್ಕು ಬೇರೆಯಾದರೂ ತೀರ್ಪಿನ ದಿನಕ್ಕಾಗಿ ದೇಹವನ್ನು ತಿದ್ದುವ ಅವಸರ ಒಂದೇ; ಅದರ ನೋವು ಎರಡೂ ಕಡೆ ಪ್ರಾಣಿಯ ಗೊರಸಿಗೇ ಇಳಿಯಬಹುದು.

ಇನ್ನೂ ದೊಡ್ಡ ನಷ್ಟ ಕಣ್ಣಿಗೆ ಕಾಣದೆ ಆಗುತ್ತಿದೆ. ಬಹುಮಾನಕ್ಕೆ ನಿಲ್ಲುವ ಜೋಡಿಗಳ ಪೈಕಿ ಅನೇಕವು ಬೀಜ ಒಡೆಸಿದ ಎತ್ತುಗಳು, ಇಲ್ಲವೇ ಮುಂದೆ ಎತ್ತುಗಳಾಗಲಿರುವ ಎಳೆಯ ಹೋರಿಗಳು. ಅವುಗಳ ಚೆಲುವು ಅವುಗಳೊಂದಿಗೇ ಮುಗಿಯುತ್ತದೆ. ಮುಂದಿನ ಪೀಳಿಗೆಗೆ ಒಂದು ಕರುವೂ ಉಳಿಯುವುದಿಲ್ಲ. ತಳಿಯನ್ನು ಮುಂದುವರಿಸುವುದು ಹಳ್ಳಿಕಾರ್ ಹಸು ಮತ್ತು ಬೀಜದ ಹೋರಿ. ಹಸು ಕೊಡುವ ಹಾಲು ಕಡಮೆ. ಮಿಶ್ರತಳಿಯ ಹಸು ಡೇರಿಗೆ ದಿನವೂ ಹಾಲು ಹಾಕಿ ಮನೆಯ ಖರ್ಚು ನೀಗಿಸುವಾಗ, ಹಳ್ಳಿಕಾರ್ ಹಸುವನ್ನು ಸಾಕುವ ಮನೆ ತನ್ನ ಕೈಯಿಂದ ಮೇವು ಹಾಕಿದಂತೆಯೇ. ಕರು ಹುಟ್ಟಿಸುವವನು ಒಬ್ಬ, ಅದನ್ನು ಎಳೆಯದರಲ್ಲಿ ಕೊಂಡು ಜೊತೆಗೂಡಿಸಿ ಪಳಗಿಸಿ ಒಂದೆರಡು ವರ್ಷ ಸಾಕುವವನು ಇನ್ನೊಬ್ಬ, ಕೊನೆಗೆ ದೊಡ್ಡ ಬೆಲೆಗೆ ಕೊಂಡು ಮೆರೆಸುವವನು ಮತ್ತೊಬ್ಬ. ನಮ್ಮ ಬಹುಮಾನ, ಚಿತ್ರ, ಸುದ್ದಿ ಎಲ್ಲವೂ ಬಹುತೇಕ ಈ ಸರಪಳಿಯ ಕೊನೆಯ ಕೊಂಡಿಗೆ ಸಲ್ಲುತ್ತವೆ. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ನಾವು ಸಿದ್ಧವಸ್ತುವಿಗೆ ಹಾರ ಹಾಕಿ ಮೂಲಬಂಡವಾಳವನ್ನು ಉಪವಾಸ ಕೆಡವುತ್ತಿದ್ದೇವೆ.

ಇದನ್ನು ಸರಿಪಡಿಸಲು ಹೊಸ ಕಾಯ್ದೆಯಾಗಲಿ, ದೊಡ್ಡ ಯೋಜನೆಯಾಗಲಿ ಬೇಕಿಲ್ಲ. ಜಾತ್ರೆಯ ಸಿದ್ಧತಾ ಸಭೆಗಳಲ್ಲಿ ಕುಳಿತ ಅನುಭವ ನನಗಿದೆ. ಕುಡಿಯುವ ನೀರು, ದೀಪ, ಬಂದೋಬಸ್ತು, ವಾಹನ ನಿಲುಗಡೆ ಎಲ್ಲವೂ ಅಲ್ಲಿ ಕೂಲಂಕಷವಾಗಿ ಚರ್ಚೆಯಾಗುತ್ತವೆ. ಉತ್ತಮ ರಾಸು ಎಂದರೆ ಯಾವುದು ಎಂಬ ಪ್ರಶ್ನೆ ಚರ್ಚೆಗೆ ಬಂದದ್ದು ನನ್ನ ನೆನಪಿನಲ್ಲಿಲ್ಲ. ಬಹುಮಾನವೆಂಬುದು ಸಣ್ಣ ಮೊತ್ತದ್ದೇ ಆದರೂ ಮುಂದಿನ ವರ್ಷ ನೂರಾರು ಕೊಟ್ಟಿಗೆಗಳಲ್ಲಿ ಏನನ್ನು ಬೆಳೆಸಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಆದ್ದರಿಂದ ಮಾನದಂಡಗಳನ್ನು ಬರೆದು, ಜಾತ್ರೆಗೆ ತಿಂಗಳುಗಳ ಮೊದಲೇ ಪ್ರಕಟಿಸುವುದು ಮೊದಲ ಹೆಜ್ಜೆ.

ಆ ಮಾನದಂಡಗಳು ಹೇಗಿರಬಹುದು? ತೀರ್ಪಿನ ಹೊತ್ತಿಗೆ ಜೂಲು, ಗೆಜ್ಜೆ, ಬಣ್ಣಗಳನ್ನು ತೆಗೆದಿಡಲಿ. ಅಲಂಕಾರ ಮೆರವಣಿಗೆಗೆ ಇರಲಿ. ಹಲ್ಲು, ಗೊರಸು, ಕತ್ತು ಮತ್ತು ನಡಿಗೆಯನ್ನು ಪಶುವೈದ್ಯರೊಬ್ಬರು ಹಾಗೂ ಅನುಭವಿ ರೈತರಿಬ್ಬರು ಪರೀಕ್ಷಿಸಿ ಅಂಕ ಕೊಡಲಿ, ಅಂಕಪಟ್ಟಿ ಎಲ್ಲರಿಗೂ ಕಾಣುವಂತೆ ಹಾಕಲಿ. ಅತಿಯಾಗಿ ಕೊಬ್ಬಿದ ರಾಸಿಗೆ ಅಂಕ ಕಳೆಯಲಿ. ಒಟ್ಟು ಅಂಕಗಳಲ್ಲಿ ಅರ್ಧ, ಜೋಡಿಯನ್ನು ಹಗುರ ಗಾಡಿಗೆ ಹೂಡಿ ಸಾವಧಾನವಾಗಿ ನಡೆಸಿದಾಗ ಕಾಣುವ ಹೊಂದಾಣಿಕೆ, ವಿಧೇಯತೆ, ಹೆಜ್ಜೆಗಳಿಗೆ ಮೀಸಲಾಗಲಿ. ಇದು ಓಟದ ಸ್ಪರ್ಧೆಯಲ್ಲ. ಓಟದ ಸ್ಪರ್ಧೆಗಳ ವಿಚಾರ ಸುಪ್ರೀಂ ಕೋರ್ಟಿನ ಮುಂದೆ ಬಂದು, ಕರ್ನಾಟಕದ ತಿದ್ದುಪಡಿ ಕಾನೂನನ್ನು ನ್ಯಾಯಾಲಯ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದ ಕಥೆ ಬೇರೆಯೇ ಇದೆ. ಇಲ್ಲಿ ಬೇಕಾದದ್ದು ನಡಿಗೆ ಮಾತ್ರ. ಚಾಟಿ ಎತ್ತಿದವನು ಸ್ಪರ್ಧೆಯಿಂದ ಹೊರಗೆ.

ಇದಕ್ಕಿಂತ ಮುಖ್ಯವಾಗಿ, ಮೊದಲ ಬಹುಮಾನದ ಮೊತ್ತಕ್ಕೆ ಕಡಮೆಯಿಲ್ಲದ ಬಹುಮಾನವೊಂದು ಕರುವಿನೊಂದಿಗೆ ಬಂದ ಹಳ್ಳಿಕಾರ್ ಹಸುವಿಗೆ ಇರಲಿ. ಬೀಜದ ಹೋರಿಗೆ ಬಹುಮಾನ ಕೊಡುವಲ್ಲಿ ಅದರ ಮೈಕಟ್ಟಿನ ಜೊತೆಗೆ ಅದಕ್ಕೆ ಹುಟ್ಟಿದ ಕರುಗಳನ್ನೂ ನಿಲ್ಲಿಸಿ ನೋಡಲಿ. ಎಳೆಗರುಗಳನ್ನು ಕೊಂಡು ಎರಡು ವರ್ಷ ತಾನೇ ಸಾಕಿ ಪಳಗಿಸಿದ ಸಣ್ಣ ಹಿಡುವಳಿದಾರನಿಗೆ ಪ್ರತ್ಯೇಕ ವಿಭಾಗವಿರಲಿ. ಅವನ ಪಾಲಿಗೆ ಆ ಜೋಡಿ ಬ್ಯಾಂಕಿನ ಠೇವಣಿಗಿಂತ ಹೆಚ್ಚಿನದು: ಮಗಳ ಮದುವೆ, ಮಗನ ಕಾಲೇಜಿನ ಶುಲ್ಕ, ಬೋರ್‌ವೆಲ್ಲಿನ ಸಾಲ ಇವುಗಳ ಲೆಕ್ಕ ಅದರ ಬೆನ್ನ ಮೇಲೆ ಕುಳಿತಿರುತ್ತದೆ. ಬಣ್ಣ, ಚಪ್ಪರ, ವಾದ್ಯಗಳಿಗೆ ಹಣ ಸುರಿಯಲಾರದ ಅವನು ಇಂದಿನ ಸ್ಪರ್ಧೆಯಲ್ಲಿ ಸಿರಿವಂತರೆದುರು ಮಂಕಾಗುತ್ತಾನೆ. ಗುಣವನ್ನೇ ತೂಗುವ ತಕ್ಕಡಿ ಬಂದರೆ ಹೆಚ್ಚು ಲಾಭವಾಗುವುದು ಅವನಿಗೇ.

ನಂಜನಗೂಡು ಮತ್ತು ತಿ. ನರಸೀಪುರದ ಜಾತ್ರೆಗಳಿಗೆ ಈ ಮಾದರಿಯನ್ನು ಆರಂಭಿಸುವ ನೈತಿಕ ಬಲವಿದೆ. ಸುತ್ತೂರಿನ ಜಾತ್ರೆಯಲ್ಲಿ ಕೃಷಿಮೇಳವೂ ಕುಸ್ತಿಯೂ ಜೊತೆಜೊತೆಗೇ ನಡೆಯುತ್ತವೆ. ಕುಸ್ತಿಯ ಅಖಾಡದಲ್ಲಿ ಪೈಲ್ವಾನನ ಮೈಕಟ್ಟನ್ನು ನೋಡಿ ಯಾರೂ ಗದೆ ಕೊಡುವುದಿಲ್ಲ. ಮಣ್ಣಿನಲ್ಲಿ ಎದುರಾಳಿಯ ಬೆನ್ನು ಮುಟ್ಟಿಸಿದ ಮೇಲೆ ಕೊಡುತ್ತಾರೆ. ಗರಡಿಯಲ್ಲಿ ವರ್ಷಗಟ್ಟಲೆ ಸುರಿಸಿದ ಬೆವರಿಗೂ, ತೂಕ ಕಟ್ಟಿಸುವ ಹಿಂದಿನ ರಾತ್ರಿ ಕಂಬಳಿ ಹೊದ್ದು ಸುರಿಸಿದ ಬೆವರಿಗೂ ಇರುವ ವ್ಯತ್ಯಾಸ ಆ ಅಖಾಡದ ಸುತ್ತ ಕುಳಿತ ಪ್ರತಿಯೊಬ್ಬರಿಗೂ ಗೊತ್ತು. ಅದೇ ತಿಳಿವಳಿಕೆಯನ್ನು ಪಕ್ಕದ ಬಯಲಿನಲ್ಲಿ ಕಟ್ಟಿದ ರಾಸುಗಳಿಗೂ ಅನ್ವಯಿಸಿದರೆ ಸಾಕು.

ಸುಗ್ಗಿ ಕಳೆದು ಮತ್ತೆ ಜಾತ್ರೆ ಬರುತ್ತದೆ. ಅದಕ್ಕೆ ಮುನ್ನ ಸಭೆಗಳೂ ನಡೆಯುತ್ತವೆ. ಆ ಸಭೆಯ ಕಾರ್ಯಸೂಚಿಯಲ್ಲಿ, ನೀರು ದೀಪಗಳ ನಂತರವಾದರೂ ಸರಿ, ಒಂದು ಸಾಲು ಸೇರಲಿ: ಹಸು ಮತ್ತು ಕರುವಿಗೆ ಬಹುಮಾನ, ಜೋಡಿಗೆ ನಡಿಗೆಯ ಪರೀಕ್ಷೆ. ಖರ್ಚು ಅತ್ಯಲ್ಪ. ಅದನ್ನು ಸೇರಿಸದಿದ್ದರೆ ಇನ್ನೊಂದು ತಲೆಮಾರಿನಲ್ಲಿ ಚಪ್ಪರವೂ ಗೆಜ್ಜೆಯೂ ಉಳಿದಿರಬಹುದು. ಅವುಗಳನ್ನು ತೊಡಲು ಹಳ್ಳಿಕಾರ್ ಕರು ಹುಟ್ಟುವ ಕೊಟ್ಟಿಗೆಗಳು ಉಳಿದಿರುವುದೇ ಸಂದೇಹ.